ಹಳದಿ ಉರಿ

ಒಂಬತ್ತಕ್ಕೆ ಬರುತ್ತೇನೆಂದಿದ್ದವನು ಒಂಬತ್ತೂವರೆಯಾದರೂ ಬಂದಿರಲಿಲ್ಲ. ಬದರೀನಾಥ ಮುಂಬಾಗಿಲ ಪಕ್ಕದ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ರಸ್ತೆ ನೋಡುತ್ತ ನಿಂತಿದ್ದ. ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟಿದ್ದ. ಹದಿನಾಲ್ಕು ತಿಂಗಳ ಹಿಂದೆ ಬ್ಯಾಂಕಿನ ಕಂಪ್ಯೂಟರ್ ಕೆಲಸ ಹೋದ ಮೇಲೆ ಆ ಅಂಗಿ ಇಂಟರ್‌ವ್ಯೂಗಳಿಗಷ್ಟೇ ಹೊರಬರುತ್ತಿತ್ತು. ಈಚೆಗೆ ಇಂಟರ್‌ವ್ಯೂಗಳೂ ನಿಂತುಹೋಗಿದ್ದವು. ಇವತ್ತು ಬರುವವನು ಬಡವರ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗಿಡುವ ಹಳೆಯ ಬಾಯ್ಲರ್ ತೆಗೆಸಿ ಹೊಸದು ಹಾಕಿಸಿಕೊಡುವ ಸರ್ಕಾರಿ ಯೋಜನೆಯ ತಪಾಸಣೆಯವನು. ಬಡವರು ಎಂಬ ಶಬ್ದ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಆದಾಯ ಇಷ್ಟಕ್ಕಿಂತ ಕಡಿಮೆಯಿರುವ ಕುಟುಂಬ ಎಂದಷ್ಟೇ ಇತ್ತು. ಆಗಸ್ಟಿನಲ್ಲಿ ಕೌಂಟಿ ಆಫೀಸಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೋಕನ್ ಹಿಡಿದು ಕೂತಿದ್ದಾಗ ಪಕ್ಕದ ಮುದುಕಿಯೊಬ್ಬಳು "ಫಸ್ಟ್ ಟೈಮ್, ಹನಿ?" ಎಂದು ಮೆಲ್ಲಗೆ ಕೇಳಿದ್ದಳು. ಅವಳ ಆ ಕರುಣೆಯನ್ನು ಬದರೀನಾಥ ಇನ್ನೂ ಕ್ಷಮಿಸಿರಲಿಲ್ಲ. ಬರುವ ವ್ಯಾನಿನ ಮೇಲೆ ಯೋಜನೆಯ ಹೆಸರು ದಪ್ಪಕ್ಷರದಲ್ಲಿ ಬರೆದಿರದಿದ್ದರೆ ಸಾಕು, ಎದುರುಮನೆಯವರು ಈ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾರೆ, ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಾಗಲೇ ಎದುರುಮನೆಯಾಕೆ ಹಿಮ ಬಳಿಯುವ ಸಲಿಕೆ ಹಿಡಿದು ಹೊರಬಂದಳು.

ಊಟದ ಮೇಜಿನ ಮೇಲೆ ಅವನ ಫೋಲ್ಡರ್ ಸಿದ್ಧವಾಗಿತ್ತು. ಅರ್ಜಿ ಮಂಜೂರಾಗಿದೆ, ಸರದಿಯ ಪ್ರಕಾರ ತಪಾಸಣೆಗೆ ಬರುತ್ತೇವೆ, ಎರಡು ಬಗೆಯ ಬಾಯ್ಲರುಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂಬ ಪತ್ರ ನವೆಂಬರಿನಲ್ಲಿ ಬಂದ ದಿನದಿಂದ ಅವನು ಬ್ರಿಡ್ಜ್‌ವಾಟರಿನ ಲೈಬ್ರರಿಯಲ್ಲಿ ಕೂತು ಆ ಎರಡನ್ನೂ ಅಭ್ಯಾಸ ಮಾಡಿದ್ದ. ಕೆಲಸ ಇದ್ದಾಗಿನಂತೆಯೇ ಬೆಳಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿಕೊಂಡು ಲೈಬ್ರರಿಗೆ ಹೋಗಿ ಸಂಜೆ ಐದಕ್ಕೆ ಬರುತ್ತಿದ್ದ. ಒಂದು, ನೆಲದ ಮೇಲೆ ನಿಲ್ಲುವ ಎರಕದ ಕಬ್ಬಿಣದ್ದು, ಹೊಗೆಯನ್ನು ಈಗಿರುವ ಚಿಮಣಿಗೇ ಬಿಡುವಂಥದು. ಇನ್ನೊಂದು ಗೋಡೆಗೆ ತೂಗುವಂಥದು. ಪೂರ್ತಿ ಮುಚ್ಚಿದ ಪೆಟ್ಟಿಗೆ, ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಕೊಳವೆಯಲ್ಲಿ ಎಳೆದುಕೊಂಡು ಹೊರಗೇ ಬಿಡುತ್ತದೆ. ಎರಡರ ದಕ್ಷತೆ, ಬಾಳಿಕೆ, ಶಬ್ದ, ಬಿಡಿಭಾಗಗಳ ಲಭ್ಯತೆ ಎಲ್ಲವನ್ನೂ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕೋಷ್ಟಕ ಮಾಡಿದ್ದ. ಗೆರೆ ಸೊಟ್ಟಗಾಯಿತೆಂದು ಎರಡು ಸಲ ಹಾಳೆ ಬದಲಾಯಿಸಿದ್ದ. ಆ ಕೋಷ್ಟಕದ ಮುಂದೆ ಕೂತಾಗ ತಾನು ಸುಖಿಯಾಗಿದ್ದೆ ಎನ್ನುವುದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು. ಎಷ್ಟೋ ಕಾಲದ ಮೇಲೆ ತನಗೆ ತಿಳಿದ ವಿಷಯವೊಂದು ತನ್ನ ಕೈಗೆ ಬಂದಿತ್ತು. ಅಮೆರಿಕಕ್ಕೆ ಬಂದು ಕಂಪ್ಯೂಟರ್ ಕಲಿಯುವ ಮೊದಲು ಎಂಟು ವರ್ಷ ಅವನು ಮಂಡ್ಯದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಎಂಜಿನಿಯರಾಗಿದ್ದ. ತಪಾಸಣೆಯವನ ಎದುರು ಒಂದೆರಡು ಪ್ರಶ್ನೆ ಕೇಳಬೇಕು, ಅವನು ಹುಬ್ಬೇರಿಸಿ 'ಸರ್, ನೀವು ಈ ಫೀಲ್ಡಿನವರಾ?' ಎನ್ನಬೇಕು. ಆ ಪ್ರಶ್ನೆಗೆ ಕೊಡಬೇಕಾದ ಸಣ್ಣ ನಗೆಯನ್ನೂ ಅವನು ಲೈಬ್ರರಿಯ ಬಚ್ಚಲಿನ ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡಿದ್ದ.

"ಬಂದ್ರಾ?" ಎಂದು ಒಳಗಿನ ಕೋಣೆಯಿಂದ ಉಷಾ ಕೇಳಿದಳು. ದನಿ ನಿದ್ದೆಯ ಆಳದಿಂದ ಬಂದಂತಿತ್ತು.

"ಇಲ್ಲ. ನೀನು ಮಲಕ್ಕೋ."

ಉಷಾ ಆ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದೇವಸ್ಥಾನದ ಪರಿಚಯದ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದಳು. ಬಾಯ್ಲರ್ ಸರಿಯಾಗಿ ಅದರ ಕೆಳಗೇ ನೆಲಮಾಳಿಗೆಯಲ್ಲಿದ್ದುದರಿಂದ ಮನೆಯಲ್ಲಿ ಆ ಕೋಣೆಯೊಂದೇ ಬೆಚ್ಚಗಿರುತ್ತಿತ್ತು. ಮಗಳು ಗಾರ್ಗಿ ಬೇರೆ ಊರಿನ ಕಾಲೇಜಿಗೆ ಹೋದ ಮೇಲೆ ಉಷಾ ಹಗಲೆಲ್ಲ ಅಲ್ಲೇ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ವಾರ ಮೊದಲ ಸಲ ತಲೆನೋವು ಎಂದಳು. ಆಮೇಲೆ ವಾಕರಿಕೆ. ಆಮೇಲೆ ನಿದ್ದೆ, ಸೂಜಿಗೆ ದಾರ ಪೋಣಿಸುತ್ತ ಕೂತಲ್ಲೇ ಕತ್ತು ವಾಲಿಸುವಂಥ ನಿದ್ದೆ. "ವಿಚಿತ್ರ ನೋಡಿ, ದೇವಸ್ಥಾನಕ್ಕೆ ಹೋದ್ರೆ ತಲೆನೋವು ಹೋಗ್‌ಬಿಡುತ್ತೆ. ಮನೆಗೆ ಬಂದ್ರೆ ಮತ್ತೆ ಶುರು" ಎಂದು ಒಂದು ಶನಿವಾರ ಕಾರಿನಲ್ಲಿ ಹೇಳಿದ್ದಳು. ಅವನು ಸ್ಟಿಯರಿಂಗಿನ ಮೇಲೆ ಕಣ್ಣಿಟ್ಟು, "ಎಲ್ಲ ಮನಸ್ಸಿಂದು ಉಷಾ. ನನ್ನ ಕೆಲಸದ ಟೆನ್ಷನ್ನು ನಿನ್ನ ತಲೆಗೆ ಹತ್ತಿದೆ" ಎಂದಿದ್ದ. ಅವಳು ಹೌದೇನೋ ಎಂದು ಒಪ್ಪಿ, ಮಡಿಲಲ್ಲಿದ್ದ ಪ್ರಸಾದದ ಪೊಟ್ಟಣ ಬಿಚ್ಚಿ ಒಂದು ತುಣುಕನ್ನು ಅವನ ಬಾಯಿಗೂ ಇಟ್ಟಿದ್ದಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದನ್ನು ಈಗ ಕಿಟಕಿಯ ಬಳಿ ನಿಂತು ನೆನೆಯಲು ಅವನಿಗೆ ಇಷ್ಟವಿರಲಿಲ್ಲ. ಯಾಕೆಂದರೆ ಆ ಶನಿವಾರಕ್ಕೆ ಹತ್ತು ದಿನ ಮೊದಲೇ ಅವನು ನೆಲಮಾಳಿಗೆಗೆ ಇಳಿದು ನೋಡಿದ್ದ. ಬಾಯ್ಲರಿನ ಕೆಳಗಿನ ಸಣ್ಣ ಕಿಂಡಿಯಲ್ಲಿ ಉರಿ ನೀಲಿಯಾಗಿರಲಿಲ್ಲ, ಹಳದಿಯಾಗಿತ್ತು. ಮೇಲಿನ ತಗಡಿನ ಅಂಚಿಗೆ ಮಸಿ ಹಿಡಿದಿತ್ತು.

ಉರಿಯ ಬಣ್ಣ ಓದುವುದನ್ನು ಅವನಿಗೆ ಕಲಿಸಿದ್ದು ಎಂಜಿನಿಯರಿಂಗ್ ಕಾಲೇಜಲ್ಲ, ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ ಚಂದ್ರಶೇಖರಪ್ಪ. ಆತ ಹೊಸ ಎಂಜಿನಿಯರನ್ನು ಮೊದಲ ದಿನವೇ ನೋಡುಗಿಂಡಿಯ ಮುಂದೆ ಬಗ್ಗಿಸಿ ನಿಲ್ಲಿಸಿ, "ಉಸಿರು ಸಾಕಾಗ್ದೆ ಹೋದ್ರೆ ಬಣ್ಣ ಕೆಡ್ತದೆ ಸ್ವಾಮಿ. ಮನುಷ್ಯನಿಗೂ ಅಷ್ಟೆ, ಬೆಂಕಿಗೂ ಅಷ್ಟೆ" ಎಂದಿದ್ದ. ಮನೆಯ ಗ್ಯಾಸಿನ ಉರಿ ಹಳದಿಗೆ ತಿರುಗಿದರೆ ಅರ್ಧಂಬರ್ಧ ಉರಿಯುತ್ತಿದೆ, ವಾಸನೆಯಿಲ್ಲದ ವಿಷಗಾಳಿ ಹುಟ್ಟುತ್ತಿದೆ, ಚಿಮಣಿ ಕಟ್ಟಿಕೊಂಡಿದ್ದರೆ ಅದು ಮನೆಯೊಳಗೇ ಸುತ್ತುತ್ತದೆ. ಇದು ಬದರೀನಾಥನಿಗೆ ತನ್ನ ಹೆಸರಿನಷ್ಟು ಚೆನ್ನಾಗಿ ಗೊತ್ತಿತ್ತು. ಅವತ್ತು ಕಿಂಡಿಯ ಮುಂದೆ ಮಂಡಿಯೂರಿದವನು ಬಹಳ ಹೊತ್ತು ಏಳಲಿಲ್ಲ. ರಿಪೇರಿಯವನನ್ನು ಕರೆದರೆ ಅವನು ಗ್ಯಾಸ್ ಬಂದ್ ಮಾಡಿ, ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿ ಹೋಗುತ್ತಾನೆ. ಚಳಿಗಾಲದ ನಡುವೆ ಬಾಯ್ಲರ್ ಇಲ್ಲದ ಮನೆ. ತಾನೇ ರಿಪೇರಿ ಮಾಡಿಸಿದರೆ ಬಾಯ್ಲರ್ ಸರಿಯಿದೆಯಲ್ಲ ಎಂದು ಪಟ್ಟಿಯಿಂದ ಹೆಸರು ಹೊಡೆದುಹಾಕಿದರೆ? ಹಾಗೆಂದು ಪತ್ರದಲ್ಲಿ ಬರೆದಿರಲಿಲ್ಲ. ಅವನು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದರೆ ಮತ್ತೆ ಆ ಆಫೀಸಿಗೆ ಫೋನ್ ಮಾಡಿ ತನ್ನ ಹೆಸರಿನ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಕಾಯಬೇಕಿತ್ತು. ಇನ್ನೇನು, ಸರದಿ ಬಂದೇಬರುತ್ತದೆ, ಎಂದುಕೊಂಡು ಮೇಲೆ ಬಂದು ಕೈ ತೊಳೆದಿದ್ದ. ಅದಾಗಿ ಎರಡನೇ ದಿನ ಹಜಾರದ ಗೋಡೆಯಲ್ಲಿದ್ದ ವಿಷಗಾಳಿಯ ಅಲಾರಂ ಕೂಗಿತು. ಅವನು ಓಡಿಬಂದು ಬಾಗಿಲು ತೆರೆದು ಗಾಳಿಯಾಡಿಸಿದ. ಮರುದಿನ ಮತ್ತೆ ಕೂಗಿತು. ಕುರ್ಚಿ ಹತ್ತಿ ಅದರ ಬ್ಯಾಟರಿ ತೆಗೆದ. "ಏನದು?" ಎಂದು ಉಷಾ ಕೇಳಿದ್ದಕ್ಕೆ, "ಬ್ಯಾಟರಿ ವೀಕಾಗಿದೆ, ಅದಕ್ಕೇ ಕೂಗುತ್ತೆ. ಹೊಸದು ತರ್ತೀನಿ" ಎಂದ. ತರಲಿಲ್ಲ.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಅವನು ಮಾತಿನ ರೂಪಕ್ಕೆ ಬರಗೊಡುತ್ತಿರಲಿಲ್ಲ. ಮೊದಲು ಸಂಜೆ ಐದಕ್ಕೆ ಮನೆಗೆ ಬಂದರೆ ಉಷಾ ಬಾಗಿಲಲ್ಲೇ ಅವನ ಮುಖ ನೋಡುತ್ತಿದ್ದಳು. ಯಾರಾದರೂ ಫೋನ್ ಮಾಡಿದರೇ, ಹ್ಯಾರಿಸನ್ ಊರಿನಲ್ಲಿರುವ ಸ್ನೇಹಿತರು ಹೇಳಿದ ಕಂಪನಿ ಏನಾಯಿತು ಎಂದು ಕೇಳುತ್ತಿದ್ದಳು. ಡಿಸೆಂಬರಿನಲ್ಲಿ ಅವನು ಬರುವ ಹೊತ್ತಿಗೆ ಅವಳು ನಿದ್ದೆಯಲ್ಲಿರುತ್ತಿದ್ದಳು. ಅವನು ಬೂಟು ಬಿಚ್ಚಿ, ಸದ್ದಾಗದಂತೆ ಕಾಫಿ ಮಾಡಿಕೊಂಡು, ಯಾರೂ ಏನೂ ಕೇಳದ ಅಡುಗೆಮನೆಯಲ್ಲಿ ಕೂತು ಕುಡಿಯುತ್ತಿದ್ದ. ಆ ಕಾಫಿ ರುಚಿಯಾಗಿತ್ತು.

ಬಿಳಿ ವ್ಯಾನು ಬಂದು ನಿಂತಿತು. ಹೆಸರು ದಪ್ಪಕ್ಷರದಲ್ಲೇ ಇತ್ತು. ಇಳಿದವನಿಗೆ ಮೂವತ್ತೈದಿರಬಹುದು, ದಪ್ಪ ಜಾಕೆಟ್ಟು, ಉಣ್ಣೆಯ ಟೊಪ್ಪಿ. ಬಾಗಿಲಲ್ಲಿ ಕಾಗದ ನೋಡಿ ಇಂಗ್ಲಿಷಿನಲ್ಲಿ ಹೆಸರು ಓದಿದವನು ತಟ್ಟನೆ ನಿಂತು, ಗೋಡೆಯ ಮೇಲಿದ್ದ ಕನ್ನಡ ಕ್ಯಾಲೆಂಡರ್ ಕಂಡು ಅಗಲವಾಗಿ ನಕ್ಕ.

"ಕನ್ನಡದವ್ರಾ ಅಂಕಲ್? ನಾನು ರೋಷನ್. ನಮ್ದು ಉಡುಪಿ ಹತ್ರ, ಕಲ್ಯಾಣಪುರ. ಎಂಟು ವರ್ಷ ಆಯ್ತು ಇಲ್ಲಿ. ಈ ಕೆಲಸದಲ್ಲಿ ಕನ್ನಡದವ್ರ ಮನೆ ಸಿಕ್ಕಿದ್ದು ಇದೇ ಫಸ್ಟು ಮಾರಾಯ್ರೆ!"

ಅವನ ಸಂತೋಷ ನಿಜವಾದದ್ದು. ಬದರೀನಾಥ ಬಾಗಿಲ ಹಿಡಿಯನ್ನು ಬಿಡಲಿಲ್ಲ. ಅಮೆರಿಕನ್ನನೊಬ್ಬ ಬಂದು ನೋಡಿ ಮರೆತುಹೋಗುತ್ತಾನೆ ಎಂದುಕೊಂಡಿದ್ದ. ಇವನು ಮರೆಯುವುದಿಲ್ಲ. ಉಷಾ ಮಾತ್ರ ಕನ್ನಡ ಕೇಳಿ ಸೆರಗು ಸರಿಪಡಿಸಿಕೊಂಡು ಎದ್ದುಬಂದಳು. ಕಣ್ಣ ಕೆಳಗೆ ಬೂದಿ ಬಣ್ಣ. "ಕಾಫಿ ಮಾಡ್ತೀನಪ್ಪ, ಕೂತ್ಕೋ" ಎಂದಳು.

"ಆಮೇಲೆ ಆಂಟಿ. ಮೊದ್ಲು ಕೆಳಗೆ ನೋಡಿ ಬರ್ತೇನೆ." ರೋಷನ್ ಜೇಬಿನಿಂದ ವಿಷಗಾಳಿ ಅಳೆಯುವ ಕೈಯಗಲದ ಮೀಟರೊಂದನ್ನು ತೆಗೆದು ಜಾಕೆಟ್ಟಿಗೆ ಸಿಕ್ಕಿಸಿದ. ಹಜಾರದಲ್ಲಿ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅದು ಕಿರಗುಟ್ಟಿತು. ಅವನ ಮುಖದ ನಗು ಹೋಯಿತು. ಮೀಟರು ನೋಡಿದ, ಹೊಲಿಗೆಯ ಕೋಣೆಯ ಬಾಗಿಲಿಗೆ ಹೋಗಿ ಮತ್ತೆ ನೋಡಿದ. "ಅಂಕಲ್, ಆಂಟಿ, ಇಬ್ರೂ ಹೊರಗೆ ಹೋಗಿ. ಈಗ್ಲೇ. ಕೋಟು ಹಾಕ್ಕೊಳ್ಳಿ, ಬೇರೆ ಎಂತ ಬೇಡ."

ಅಂಗಳದ ಹಿಮದಲ್ಲಿ ಅವರು ಮನೆಯ ಚಪ್ಪಲಿಯಲ್ಲೇ ನಿಂತರು. ಸಲಿಕೆ ಹಿಡಿದಿದ್ದ ಎದುರುಮನೆಯಾಕೆ "ಎವರಿಥಿಂಗ್ ಓಕೆ?" ಎಂದು ಕೂಗಿದಳು. ಬದರೀನಾಥ ಕೈಯೆತ್ತಿ ನಕ್ಕ. ಉಷಾಳ ಬೆರಳುಗಳು ಅವನ ತೋಳು ಹಿಡಿದಿದ್ದವು. ಅವಳು ಬಾಯಿ ತೆರೆದು ಮಗುವಿನ ಹಾಗೆ ಆ ಕೊರೆವ ಗಾಳಿಯನ್ನು ಎಳೆದುಕೊಳ್ಳುತ್ತಿದ್ದಳು. ಐದು ನಿಮಿಷದ ಮೇಲೆ, "ರೀ, ತಲೆ ಹಗುರಾಗ್ತಾ ಇದೆ ನೋಡಿ. ಹೊರಗೆ ಬಂದಿದ್ದಷ್ಟೇ" ಎಂದು ಬೆರಗಿನಿಂದ ನಕ್ಕಳು. ಎಷ್ಟೋ ವಾರಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ಅವನು ಮುಖ ತಿರುಗಿಸಿಕೊಂಡ.

ರೋಷನ್ ಒಳಗೆ ಕಿಟಕಿಗಳನ್ನೆಲ್ಲ ತೆರೆದು, ಗ್ಯಾಸ್ ಬಂದ್ ಮಾಡಿ, ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಬಂದ. "ಚಿಮಣಿ ಕಟ್ಟಿದೆ. ಒಳಗಿನ ಇಟ್ಟಿಗೆ ಕುಸಿದು ಬಿದ್ದಿರ್ಬೇಕು. ಗ್ಯಾಸೆಲ್ಲ ಮನೆ ಒಳಗೇ ಬರ್ತಾ ಉಂಟು. ಆಂಟಿ, ನಿಮಗೆ ತಲೆನೋವು ಏನಾದ್ರೂ?"

"ಎರಡು ತಿಂಗಳಿಂದ ಇದೆಯಪ್ಪ."

"ದೇವರೇ. ಅಲಾರಂ ಬಡೀಲಿಲ್ವಾ? ಗೋಡೆಯಲ್ಲಿ ಉಂಟಲ್ಲ ಒಂದು."

"ಬ್ಯಾಟರಿ ಹೋಗಿತ್ತು. ಇವ್ರು ತೆಗೆದಿಟ್ರು" ಎಂದಳು ಉಷಾ, ಗಂಡನ ಕಡೆ ನೋಡದೆ, ಸಹಜವಾಗಿ.

ರೋಷನ್ ಬದರೀನಾಥನನ್ನು ನೋಡಿದ. ಅದರಲ್ಲಿ ಆರೋಪವಿರಲಿಲ್ಲ, ಕೆಲಸದವನ ಕುತೂಹಲವಷ್ಟೇ. "ಅಂಕಲ್, ಬಾಯ್ಲರ್ ಮೇಲೆ ಇಷ್ಟು ಮಸಿ ನಿನ್ನೆ ಮೊನ್ನೆದ್ದಲ್ಲ. ಉರಿ ನೋಡಿದ್ರೆ ಯಾರಿಗೂ ಗೊತ್ತಾಗ್ತದೆ, ಪೂರ್ತಿ ಹಳದಿ. ನೀವು ಕೆಳಗೆ ಇಳೀಲೇ ಇಲ್ವಾ?"

ಈ ಪ್ರಶ್ನೆಗೆ ಉತ್ತರಗಳು ಹಲವಿದ್ದವು. ಬದರೀನಾಥನ ಬಾಯಿಂದ ಬಂದದ್ದು, ಅವನೇ ಬೇರೆ ಯಾರೋ ಹೇಳುತ್ತಿರುವಂತೆ ಕೇಳಿಸಿಕೊಂಡದ್ದು, ಇದು: "ನಂಗೆ ಇದೆಲ್ಲ ಗೊತ್ತಾಗಲ್ಲಪ್ಪ. ನಾನು ಕಂಪ್ಯೂಟರ್ ಲೈನು."

ಉಷಾಳ ಬೆರಳು ಅವನ ತೋಳಿನ ಮೇಲೆ ಹಾಗೇ ಇತ್ತು. ಅವಳು ತಲೆಯೆತ್ತಿ ಅವನನ್ನು ನೋಡಿದಳು. ಮದುವೆಯಾದ ಹೊಸತರಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಸಕ್ಕರೆಪಾಕದ ವಾಸನೆ ಹೊತ್ತು ಬರುತ್ತಿದ್ದ ಅವನ ಬೂದುಬಣ್ಣದ ಅಂಗಿಗಳನ್ನು ಒಗೆದವಳು ಅವಳು. ನಿಧಾನವಾಗಿ ತೋಳು ಬಿಟ್ಟು, ಎರಡೂ ಕೈಯನ್ನು ತನ್ನ ಕೋಟಿನ ಜೇಬಿಗೆ ಇಳಿಸಿದಳು.

"ಹಾಗಾದ್ರೆ ಹೇಳ್ತೇನೆ ಕೇಳಿ ಅಂಕಲ್" ಎಂದು ರೋಷನ್ ಬಹಳ ತಾಳ್ಮೆಯಿಂದ ವಿವರಿಸಿದ. ಬೆಂಕಿಗೆ ಗಾಳಿ ಬೇಕು, ಗಾಳಿ ಸಾಕಾದರೆ ನೀಲಿ, ಸಾಲದಿದ್ದರೆ ಹಳದಿ. ಶಾಲೆಯ ಮಕ್ಕಳಿಗೆ ಹೇಳುವಂತೆ ಬೆರಳು ಮಡಚಿ ಮಡಚಿ ಹೇಳಿದ. ಬದರೀನಾಥ ತಲೆದೂಗುತ್ತ, ನಡುನಡುವೆ "ಹೌದಾ" ಎನ್ನುತ್ತ ಕೇಳಿದ. ಉಷಾ ಒಂದು ಮಾತನ್ನೂ ಬಿಡದಂತೆ ಕೇಳುತ್ತಿದ್ದಳು. ಕೊನೆಗೆ ರೋಷನ್, "ನೀವೊಂದು ಫೋನ್ ಮಾಡಿ ತಲೆನೋವು ಅಂತ ಹೇಳಿದ್ರೆ ಸಾಕಿತ್ತು. ಇಂಥದ್ದಕ್ಕೆ ಸರದಿ ಇಲ್ಲ. ಎಮರ್ಜೆನ್ಸಿ ಅಂತ ಎರಡೇ ದಿನದಲ್ಲಿ ಹೊಸ ಬಾಯ್ಲರ್ ಹಾಕಿ ಕೊಡ್ತೇವೆ" ಎಂದ. ಎರಡೇ ದಿನ. ಡಿಸೆಂಬರ್ ಇಡೀ ತಿಂಗಳು, ಜನವರಿಯ ಅಷ್ಟೂ ವಾರಗಳು, ಒಂದೊಂದು ದಿನವೂ ಬದರೀನಾಥನ ಎದುರು ಬಂದು ನಿಂತವು.

"ಈಗ ಯಾವ್ದು ಹಾಕುವ ಅಂಕಲ್? ಇವತ್ತೇ ಬರೆದು ಕಳಿಸಿದ್ರೆ ಶುಕ್ರವಾರ ಬರ್ತದೆ." ರೋಷನ್ ವ್ಯಾನಿನ ಮೂತಿಯ ಮೇಲೆ ಕಾಗದ ಹರಡಿ ಎರಡು ಚಿತ್ರ ತೋರಿಸಿದ. ಬದರೀನಾಥನಿಗೆ ಎರಡರ ಮಾಡೆಲ್ ನಂಬರೂ ಬಾಯಿಪಾಠ. ಎರಕದ ಕಬ್ಬಿಣದ್ದಕ್ಕೆ ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಬೇಕಾಗುತ್ತದೆ, ಗೋಡೆಯದ್ದಕ್ಕೆ ನೀರು ಬಸಿಯಲು ದಾರಿ ಬೇಕು, ಅದರ ಒಳಗಿನ ಉಕ್ಕಿನ ಬಗ್ಗೆ ಒಂದು ಪ್ರಶ್ನೆಯನ್ನೇ ಬರೆದುಕೊಂಡಿದ್ದ. ಅವನು ಬಾಯಿ ತೆರೆದ. ಮತ್ತೆ ಮುಚ್ಚಿದ. ಏನೂ ಗೊತ್ತಿಲ್ಲವೆಂದು ಈಗಷ್ಟೇ ಹೇಳಿದ್ದನಲ್ಲ.

"ಮನೆ ಒಳಗಿನ ಗಾಳಿ ಮುಟ್ಟದೇ ಇರೋದು ಯಾವುದಪ್ಪ?" ಎಂದು ಉಷಾ ಕೇಳಿದಳು.

"ಇದು ಆಂಟಿ. ಗೋಡೆದ್ದು."

"ಇದೇ ಹಾಕು. ಎಲ್ಲಿ ಸೈನ್ ಮಾಡ್ಬೇಕು?"

ಅವಳೇ ಸಹಿ ಹಾಕಿದಳು. ಚಳಿಗೆ ಪೆನ್ನು ಎರಡು ಸಲ ಬರೆಯಲಿಲ್ಲ.

ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಲೇಬೇಕೆಂದು ರೋಷನ್ ಹಟ ಹಿಡಿದು, ಅವರ ಕಾರು ಹೊರಡುವವರೆಗೂ ಅಂಗಳದಲ್ಲಿ ನಿಂತಿದ್ದ. ಆಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದರು. ಇಬ್ಬರ ರಕ್ತದಲ್ಲೂ ವಿಷವಿತ್ತು, ಅವಳಲ್ಲಿ ಮೂರು ಪಟ್ಟು ಹೆಚ್ಚು. ಅವಳ ಮೂಗುಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿ ಮಲಗಿಸಿದರು. ವಿಷಯ ತಿಳಿದ ಗಾರ್ಗಿ ಫೋನಿನಲ್ಲಿ ಕೂಗಿದಳು: "ಷಿ ಕುಡ್ ಹ್ಯಾವ್ ಡೈಡ್, ಅಪ್ಪಾ. ಡು ಯು ಗೆಟ್ ದಟ್?" ಅವನು ಹೌದು ಪುಟ್ಟ, ಹೌದು, ಎಂದ. ಫೋನು ಜೇಬಿಗೆ ಹಾಕಿ ಮಂಚದ ಪಕ್ಕ ಕೂತ. ನರ್ಸ್ ಆಚೆ ಹೋದ ಮೇಲೆ ಉಷಾ ಮುಖವಾಡವನ್ನು ಗಲ್ಲಕ್ಕೆ ಇಳಿಸಿದಳು.

"ಬ್ಯಾಟರಿ ನಿಜವಾಗ್ಲೂ ವೀಕಾಗಿತ್ತಾ?"

ಹೌದು ಎನ್ನಬಹುದಿತ್ತು. "ಇಲ್ಲ" ಎಂದ.

ಅವಳು ಚಾವಣಿ ನೋಡುತ್ತಿದ್ದಳು. ಅಳುತ್ತಿರಲಿಲ್ಲ. "ಡಿಸೆಂಬರಲ್ಲಿ ಒಂದಿನ ಅನ್ನಿಸ್ತು ರೀ ನಂಗೆ. ಟೀವೀಲಿ ಯಾರ್ದೋ ಮನೇಲಿ ಹೀಗೇ ಆಗಿದ್ದು ತೋರಿಸಿದ್ರು. ನಮ್ದೂ ಬಾಯ್ಲರೇ ಇರಬಹುದಾ ಅಂತ ಎದ್ದು ಕೂತೆ. ಫೋನ್ ಕೂಡ ಕೈಗೆ ತಗೊಂಡೆ. ಆಮೇಲೆ ಅಂದ್ಕೊಂಡೆ, ಇವ್ರು ಎಂಟು ವರ್ಷ ಬಾಯ್ಲರ್ ಮುಂದೆ ನಿಂತವ್ರು. ಹಾಗೇನಾದ್ರೂ ಇದ್ರೆ ಇವ್ರಿಗೆ ಗೊತ್ತಾಗದೇ ಇರುತ್ತಾ ಅಂತ. ಅಂದ್ಕೊಂಡು ಮಲಗಿಬಿಟ್ಟೆ." ಇಷ್ಟು ಹೇಳಿ ಮುಖವಾಡವನ್ನು ತಾನೇ ಸರಿಯಾಗಿ ಏರಿಸಿಕೊಂಡಳು. ಅವನು ಆ ಕಾಫಿಯ ಸಂಜೆಗಳ ಬಗ್ಗೆ, ಅವಳ ನಿದ್ದೆ ತನಗೆ ಹಿತವಾಗಿದ್ದರ ಬಗ್ಗೆ, ಹೇಳಿಬಿಡಬೇಕೆಂದು ಮುಂದಕ್ಕೆ ಬಾಗಿದ. ಅವಳು ಕಣ್ಣು ಮುಚ್ಚಿದ್ದಳು. ಮುಖವಾಡದ ಪ್ಲಾಸ್ಟಿಕ್ಕು ಅವಳ ಉಸಿರಿಗೆ ಮಂಜಾಗಿ ತಿಳಿಯಾಗುತ್ತಿತ್ತು. ಅದನ್ನೇ ನೋಡುತ್ತ ಕೂತ.

ಆಸ್ಪತ್ರೆಯಿಂದ ಹೊರಬಂದ ಮೇಲೆ ಎರಡು ದಿನ ಅವಳು ವೆಸ್ಟ್ ವಿಂಡ್ಸರಿನ ಸ್ನೇಹಿತೆ ಸುಜಾತಾಳ ಮನೆಯಲ್ಲಿದ್ದಳು. ಅವಳು ಬರುವುದಿಲ್ಲ ಎಂದೇ ಅವನು ನಂಬಿದ್ದ. ಗ್ಯಾಸಿಲ್ಲದೆ ತಣ್ಣಗಾಗಿದ್ದ ಮನೆಯಲ್ಲಿ, ರೋಷನ್ ಕೊಟ್ಟುಹೋದ ಎಲೆಕ್ಟ್ರಿಕ್ ಹೀಟರಿನ ಮುಂದೆ ಕಂಬಳಿ ಹೊದ್ದು ಕೂತು, ಬರದೇ ಇರುವುದೇ ಸರಿ ಎಂದು ಹೇಳಿಕೊಳ್ಳುತ್ತ, ಹೊರಗೆ ಕಾರಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದ. ಶುಕ್ರವಾರ ಇಬ್ಬರು ಕೆಲಸಗಾರರು ಬಂದು ಹಳೆಯದನ್ನು ತುಂಡು ಮಾಡಿ ಹೊತ್ತೊಯ್ದು, ಗೋಡೆಗೆ ಬಿಳಿಯ ಪೆಟ್ಟಿಗೆ ತೂಗುಹಾಕಿದರು. ಮಧ್ಯಾಹ್ನ ಸುಜಾತಾಳ ಕಾರಿನಿಂದ ಉಷಾ ಇಳಿದಳು. ಚೀಲ ಒಳಗಿಟ್ಟು, ನೆಲಮಾಳಿಗೆಗೆ ಇಳಿದು ಹೊಸ ಬಾಯ್ಲರನ್ನು ಒಮ್ಮೆ ನೋಡಿ, ಹಜಾರದ ಹೊಸ ಅಲಾರಮ್ಮಿನ ಗುಂಡಿಯನ್ನು ಕುರ್ಚಿ ಹತ್ತಿ ತಾನೇ ಒತ್ತಿ ಪರೀಕ್ಷಿಸಿ, ಅಡುಗೆಗೆ ನಿಂತಳು. ಹುಳಿ, ಅನ್ನ, ಹುರಿದ ಹಪ್ಪಳ. ಅವನಿಗೆ ಬಡಿಸಿದಳು, ಅವನ ಎದುರೇ ಕೂತು ಉಂಡಳು. ಕೆಲಸದ ವಿಷಯ ಏನಾಯಿತು ಎಂದು ಅವಳು ಕೇಳುತ್ತಾಳೆಂದು ಅವನು ಕಾದ. ಈಗ ಕೇಳಿದರೆ ಎಲ್ಲವನ್ನೂ ಹೇಳುತ್ತಿದ್ದ. ಅವಳು ಉಪ್ಪಿನಕಾಯಿ ಬೇಕಾ ಎಂದು ಕೇಳಿದಳು.

ಊಟವಾದ ಮೇಲೆ ಅವಳು ಹೊಲಿಗೆಯ ಕೋಣೆಗೆ ಹೋಗಲಿಲ್ಲ. ಗಾರ್ಗಿಯ ಕೋಣೆಗೆ ಹೋಗಿ ಮಂಚವನ್ನು ಕಿಟಕಿಯ ಬದಿಗೆ ಎಳೆದು ಮಲಗಿದಳು. ಮನೆ ಬೆಚ್ಚಗಾಗುತ್ತಿತ್ತು. ಗೋಡೆಯ ಕೊಳವೆಗಳು ಸಣ್ಣಗೆ ಟಿಕ್ ಟಿಕ್ ಎನ್ನುತ್ತಿದ್ದವು. ಆದರೂ ಹಜಾರದಲ್ಲಿ ಕಾಲಿಗೆ ತಣ್ಣಗೆ ತಾಗಿದ್ದೇನೆಂದು ಬದರೀನಾಥ ಹುಡುಕಿಕೊಂಡು ಹೋದ. ಅದು ಗಾರ್ಗಿಯ ಕೋಣೆಯ ಬಾಗಿಲಿನ ಸಂದಿಯಿಂದ ಬರುತ್ತಿತ್ತು. ಮೆಲ್ಲಗೆ ದೂಡಿದ. ಉಷಾ ಕೋಟು ತೊಟ್ಟು, ಎರಡು ರಜಾಯಿ ಹೊದ್ದು, ಗೇಣುದ್ದ ತೆರೆದ ಕಿಟಕಿಗೆ ಮುಖ ಮಾಡಿ ಮಲಗಿದ್ದಳು. ಹೊರಗೆ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ದಿಂಬಿನ ಅಂಚಿಗೆ ಹಿಮದ ಪುಡಿ ಬಿದ್ದಿತ್ತು.

"ಉಷಾ" ಎಂದ. "ಇದು ಪೂರ್ತಿ ಮುಚ್ಚಿರೋದು. ಒಳಗಿನ ಗಾಳಿ ಮುಟ್ಟೋದೇ ಇಲ್ಲ. ನಾನು ಎಲ್ಲ ನೋಡಿದೀನಿ, ಒಂದೊಂದು ಜಾಯಿಂಟೂ ಚೆಕ್ ಮಾಡಿದೀನಿ. ಏನೂ ಆಗಲ್ಲ. ಕಿಟಕಿ ಹಾಕ್ಕೋ."

ಅವನು ಹೇಳಿದ್ದರಲ್ಲಿ ಪ್ರತಿಯೊಂದು ಮಾತೂ ನಿಜವಾಗಿತ್ತು.

"ಹೌದಾ" ಎಂದಳು ಉಷಾ, ಸಿಟ್ಟಿಲ್ಲದೆ, ಯಾರೋ ಅಪರಿಚಿತರು ದಾರಿ ಹೇಳಿದರೆ ಅನ್ನುವ ಹಾಗೆ. ರಜಾಯಿಯಿಂದ ಒಂದು ಕೈ ಹೊರತೆಗೆದು ಕಿಟಕಿಯನ್ನು ಇನ್ನೂ ನಾಲ್ಕು ಬೆರಳಷ್ಟು ಮೇಲೆತ್ತಿ, ಕೈಯನ್ನು ಮತ್ತೆ ಒಳಗೆಳೆದುಕೊಂಡಳು. ಕೆಳಗೆ ನೆಲಮಾಳಿಗೆಯಲ್ಲಿ ಹೊಸ ಬಾಯ್ಲರು ಆ ಚಳಿಯನ್ನು ತುಂಬಲು ಮತ್ತೆ ಹತ್ತಿಕೊಂಡ ಸದ್ದು ಅವನಿಗಷ್ಟೇ ಕೇಳಿಸಿತು.